ದಾನದಿಂದ ನ್ಯಾಯದವರೆಗೆ: ಕ್ರೈಸ್ತ ಗುರುಗಳು ಹೋರಾಟಕ್ಕೆ ಇಳಿಯುವುದೇಕೆ?

ಮೈಸೂರಿನವರಿಗೆ ಕ್ರೈಸ್ತ ಗುರುಗಳೂ ಸಿಸ್ಟರುಗಳೂ ಹೊಸಬರಲ್ಲ. ಸಂತ ಫಿಲೋಮಿನಾ ದೇವಾಲಯದ ಜೋಡಿ ಗೋಪುರಗಳು ನಗರದ ಗುರುತುಗಳಲ್ಲಿ ಒಂದಾಗಿವೆ. 1933ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಕ್ರೈಸ್ತರು ನಡೆಸುವ ಶಾಲೆ, ಆಸ್ಪತ್ರೆ, ಅನಾಥಾಲಯಗಳ ಬಗ್ಗೆ ಇಲ್ಲಿ ಯಾರಿಗೂ ಅಚ್ಚರಿಯಿಲ್ಲ. ಆದರೆ ಅದೇ ಗುರುಗಳು ಕೂಲಿಯಾಳುಗಳ ಜೊತೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತರೆ, ಪೂಜೆ ಪ್ರಾರ್ಥನೆ ಮಾಡಿಕೊಂಡಿರಬೇಕಾದವರಿಗೆ ಈ ಉಸಾಬರಿ ಏಕೆ ಎಂಬ ಮಾತು ತಕ್ಷಣ ಹುಟ್ಟುತ್ತದೆ. ಈ ಪ್ರಶ್ನೆಯನ್ನು ಹೊರಗಿನವರಷ್ಟೇ ಅಲ್ಲ, ಪ್ರತಿ ಭಾನುವಾರ ದೇವಾಲಯಕ್ಕೆ ಹೋಗುವ ಭಕ್ತರೂ ಕೇಳುತ್ತಾರೆ. ಅದಕ್ಕೆ ಸರಿಯಾದ ಉತ್ತರ ಸಿಗಬೇಕಾದರೆ ಸೇವೆ ಮತ್ತು ನ್ಯಾಯ ಎಂಬ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ನೋಡಬೇಕು.

ಸೇವೆಯ ಕಥೆ ನಮ್ಮ ಭಾಗದಲ್ಲಿ ಬಹಳ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಕ್ರೈಸ್ತರ ನಡುವೆ ಕೆಲಸ ಮಾಡಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಇಲ್ಲಿನ ಉಡುಗೆ ತೊಟ್ಟು, ಇಲ್ಲಿನ ಆಹಾರ ಉಂಡು, 1823ರವರೆಗೆ ದಕ್ಷಿಣ ಭಾರತದಲ್ಲಿಯೇ ಉಳಿದರು. ಸಿಡುಬು ಊರೂರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಆ ದಿನಗಳಲ್ಲಿ, ಆಗಷ್ಟೇ ಭಾರತಕ್ಕೆ ಬಂದಿದ್ದ ಲಸಿಕೆಯನ್ನು ಹಳ್ಳಿಗಳಿಗೆ ತಲುಪಿಸಲು ಅವರು ದುಡಿದರು. 1803-04ರ ಹೊತ್ತಿಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ ಕೀರ್ತಿ ಅವರದು. ಇದು ಸಣ್ಣ ಉಪಕಾರವಲ್ಲ. ಆದರೆ ಅದೇ ದುಬುವಾ ತಮ್ಮ ಗ್ರಂಥದಲ್ಲಿ ಜಾತಿ ವಿಭಜನೆಯನ್ನು ಹಿಂದೂ ಶಾಸನಕಾರರ ಅತ್ಯುತ್ತಮ ಸಾಧನೆ ಎಂಬರ್ಥದಲ್ಲಿ ಹೊಗಳಿದರು. ಅದಿಲ್ಲದಿದ್ದರೆ ಸಮಾಜ ಕುಸಿದುಬೀಳುತ್ತದೆ ಎಂದು ಅವರು ನಂಬಿದ್ದರು. ಕಾಯಿಲೆಯಿಂದ ಸಾಯುವವನನ್ನು ಉಳಿಸಲು ಜೀವ ತೇಯ್ದ ಮನುಷ್ಯನಿಗೆ, ಆ ಸಾಯುವವನನ್ನು ಊರ ಹೊರಗೆ ಇಟ್ಟಿದ್ದ ಕಟ್ಟಳೆ ತಪ್ಪಾಗಿ ಕಾಣಲಿಲ್ಲ. ದುಬುವಾ ಅವರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಸೇವೆ ಎಷ್ಟೇ ದೊಡ್ಡದಾಗಿದ್ದರೂ ಅದರೊಳಗಿಂದ ನ್ಯಾಯದ ಪ್ರಶ್ನೆ ತಾನಾಗಿಯೇ ಹುಟ್ಟುವುದಿಲ್ಲ ಎಂಬುದಕ್ಕೆ ನಮ್ಮ ಕಾವೇರಿ ದಂಡೆಯಲ್ಲೇ ಸಿಗುವ ಇಷ್ಟು ಸ್ಪಷ್ಟವಾದ ಸಾಕ್ಷಿ ಮತ್ತೊಂದಿಲ್ಲ.

ದುಬುವಾ ಭಾರತಕ್ಕೆ ಬರುವುದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನಲ್ಲಿ ಬೇರೊಂದು ಬಗೆಯ ಧರ್ಮಗುರು ಕಣ್ಣು ಮುಚ್ಚಿದ್ದರು. ಮೈಸೂರಿನ ವೆಸ್ಲಿ ಕೆಥೆಡ್ರಲ್ ಯಾರ ಹೆಸರನ್ನು ಹೊತ್ತಿದೆಯೋ ಆ ಜಾನ್ ವೆಸ್ಲಿ, ತಾವು ಸಾಯುವ ಕೆಲವೇ ದಿನ ಮೊದಲು, 1791ರ ಫೆಬ್ರವರಿ 24ರಂದು, ಸಂಸತ್ ಸದಸ್ಯ ವಿಲಿಯಂ ವಿಲ್ಬರ್‌ಫೋರ್ಸ್ ಅವರಿಗೆ ಪತ್ರ ಬರೆದು ಗುಲಾಮರ ವ್ಯಾಪಾರದ ವಿರುದ್ಧದ ಹೋರಾಟವನ್ನು ಕೈಬಿಡಬಾರದೆಂದು ಹುರಿದುಂಬಿಸಿದರು. ಗುಲಾಮರಿಗೆ ಬಟ್ಟೆ, ಔಷಧ ಹಂಚಿರೆಂದು ಅವರು ಕೇಳಲಿಲ್ಲ. ಗುಲಾಮಗಿರಿಯೇ ಹೋಗಬೇಕೆಂದು ಕೇಳಿದರು. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ.

ಇಂಥ ಧೈರ್ಯದ ಮೂಲ ಬೈಬಲ್ಲಿನಲ್ಲಿಯೇ ಇದೆ. ಹಳೆಯ ಒಡಂಬಡಿಕೆಯ ಪ್ರವಾದಿ ಆಮೋಸ ತೆಕೋವ ಎಂಬ ಹಳ್ಳಿಯ ಕುರಿಗಾಹಿ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರುವವರ ಹಬ್ಬಗಳೂ ಹಾಡುಗಳೂ ದೇವರಿಗೆ ಬೇಡ, ನ್ಯಾಯ ಬತ್ತದ ಹೊಳೆಯಂತೆ ಹರಿಯಲಿ ಎಂದು ಅವನು ಸಾರಿದ. ಲೂಕನ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಯೇಸು ತನ್ನ ಊರಾದ ನಜರೇತಿನ ಪ್ರಾರ್ಥನಾ ಮಂದಿರದಲ್ಲಿ ಓದುವುದು ಬಡವರಿಗೆ ಶುಭವಾರ್ತೆಯನ್ನೂ ಸೆರೆಯಾದವರಿಗೆ ಬಿಡುಗಡೆಯನ್ನೂ ಸಾರುವ ಯೆಶಾಯನ ಮಾತುಗಳನ್ನು. ಓದು ಮುಗಿದ ಸ್ವಲ್ಪ ಹೊತ್ತಿನಲ್ಲೇ ಊರಿನವರು ಅವನನ್ನು ಬೆಟ್ಟದ ಅಂಚಿನಿಂದ ತಳ್ಳಲು ಹೊರಡುತ್ತಾರೆ ಎಂಬುದನ್ನು ಬಹಳಷ್ಟು ಪ್ರವಚನಗಳು ಮರೆತುಬಿಡುತ್ತವೆ. ಸಾಮಾಜಿಕ ನ್ಯಾಯದ ಕೆಲಸ ಧರ್ಮದ ಹೊರಗಿನದು ಎಂದು ವಾದಿಸುವವರು ಈ ಭಾಗಗಳಿಗೆ ಏನು ಅರ್ಥ ಹೇಳುತ್ತಾರೋ ನನಗೆ ತಿಳಿಯದು.

ಆದರೂ ಈ ಮಾತುಗಳು ಸಭೆಯ, ಅಂದರೆ ಚರ್ಚಿನ, ಅಧಿಕೃತ ಬೋಧನೆಯಾಗಿ ರೂಪುಗೊಳ್ಳಲು ಶತಮಾನಗಳೇ ಹಿಡಿದವು. ಕಾರ್ಖಾನೆಗಳ ಯುಗದಲ್ಲಿ ಕೂಲಿಕಾರರ ಬದುಕು ಹದಗೆಟ್ಟದ್ದನ್ನು ಕಂಡ ಪೋಪ್ ಹದಿಮೂರನೆಯ ಲಿಯೊ 1891ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಕಾರ್ಮಿಕನಿಗೆ ಬದುಕಲು ಸಾಕಾಗುವ ಕೂಲಿ ಸಿಗಬೇಕು ಮತ್ತು ಕಾರ್ಮಿಕರಿಗೆ ಸಂಘ ಕಟ್ಟಿಕೊಳ್ಳುವ ಹಕ್ಕಿದೆ ಎಂದು ಹೇಳಿದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ, ಲೋಕದ ಬಡವರ ಸಂತೋಷ ಸಂಕಟಗಳು ಕ್ರಿಸ್ತನ ಅನುಯಾಯಿಗಳ ಸಂತೋಷ ಸಂಕಟಗಳೂ ಹೌದು ಎಂದು ಸಾರಿತು. 1968ರಲ್ಲಿ ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು (ಬಿಷಪ್ಪರು) ಇನ್ನೂ ಮುಂದೆ ಹೋಗಿ, ತಮ್ಮ ಖಂಡದ ಬಡತನವನ್ನು ದುರದೃಷ್ಟ ಎನ್ನದೆ ಅನ್ಯಾಯ ಎಂದರು. ಪೆರು ದೇಶದ ಗುರು ಗುಸ್ತಾವೊ ಗುತಿಯೆರಸ್ ಈ ಚಿಂತನೆಗೆ ವಿಮೋಚನಾ ದೇವತಾಶಾಸ್ತ್ರ ಎಂಬ ಹೆಸರನ್ನೂ ಗಟ್ಟಿಯಾದ ತಳಹದಿಯನ್ನೂ ಕೊಟ್ಟರು. ಬಡವರಿಗೆ ಅನ್ನ ಕೊಟ್ಟಾಗ ನನ್ನನ್ನು ಸಂತ ಎನ್ನುತ್ತಾರೆ, ಅವರಿಗೇಕೆ ಅನ್ನವಿಲ್ಲ ಎಂದು ಕೇಳಿದಾಗ ಕಮ್ಯುನಿಸ್ಟ್ ಎನ್ನುತ್ತಾರೆ ಎಂದು ಬ್ರೆಜಿಲ್‌ನ ಧರ್ಮಾಧ್ಯಕ್ಷ ಹೆಲ್ಡರ್ ಕಾಮರಾ ಹೇಳಿದ್ದು ಈ ಕಾಲದ ಅನುಭವದಿಂದಲೇ.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮುಖ್ಯ ವಿಚಾರ, ವ್ಯಕ್ತಿ ಮಾಡುವ ಪಾಪಕ್ಕೂ ವ್ಯವಸ್ಥೆಯಲ್ಲೇ ಸೇರಿಕೊಂಡಿರುವ ಪಾಪಕ್ಕೂ ಇರುವ ವ್ಯತ್ಯಾಸ. ಮಂಡ್ಯ ಜಿಲ್ಲೆಯವರಿಗೆ ಇದನ್ನು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹೇಳಿದರೆ ಸುಲಭವಾಗಿ ತಿಳಿಯುತ್ತದೆ. ನಾಲೆಯ ಕೊನೆಯಲ್ಲಿರುವ ಮದ್ದೂರು, ಮಳವಳ್ಳಿ ಕಡೆಯ ರೈತನ ಗದ್ದೆಗೆ ನೀರು ಬಾರದಿದ್ದಾಗ ಅವನ ನೀರನ್ನು ಕದ್ದ ಒಬ್ಬ ಕಳ್ಳನನ್ನು ತೋರಿಸಲು ಆಗುವುದಿಲ್ಲ. ಮೇಲಿನ ರೈತರೆಲ್ಲ ಒಳ್ಳೆಯವರೇ ಇರಬಹುದು, ಎಲ್ಲರೂ ದೇವರಿಗೆ ಕೈಮುಗಿಯುವವರೇ ಇರಬಹುದು. ಆದರೂ ಕೊನೆಯವನ ಪೈರು ಒಣಗುತ್ತದೆ. ತಪ್ಪು ಇರುವುದು ನೀರು ಹಂಚುವ ಕ್ರಮದಲ್ಲಿ, ಆ ಕ್ರಮದಿಂದ ಲಾಭ ಪಡೆಯುವವರ ಮೌನದಲ್ಲಿ. ಅಂಥ ಸಂದರ್ಭದಲ್ಲಿ ಕೊನೆಯ ರೈತನಿಗೆ ಒಂದು ಮೂಟೆ ಭತ್ತ ದಾನ ಮಾಡುವುದು ಸೇವೆ. ಸರದಿಯ ಪ್ರಕಾರ ಕೊನೆಯವರೆಗೆ ನೀರು ಹರಿಸಿ ಎಂದು ಅವನ ಜೊತೆ ನಿಂತು ಕೇಳುವುದು ನ್ಯಾಯದ ಕೆಲಸ.

ಈ ಕೆಲಸಕ್ಕೆ ಕ್ರೈಸ್ತ ವಲಯದಲ್ಲಿ ಬಳಕೆಯಲ್ಲಿರುವ ವಿಧಾನವನ್ನು ರೂಪಿಸಿದವರು ಬೆಲ್ಜಿಯಂನ ಗುರು ಜೋಸೆಫ್ ಕಾರ್ಡೈನ್. ಯುವ ಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದ ಅವರು ಕಲಿಸಿದ್ದು ಮೂರು ಹೆಜ್ಜೆಗಳನ್ನು: ಮೊದಲು ಕಣ್ಣಾರೆ ನೋಡು, ಆಮೇಲೆ ಶುಭಸಂದೇಶದ ಬೆಳಕಿನಲ್ಲಿ ವಿವೇಚಿಸು, ಕೊನೆಗೆ ಕೆಲಸಕ್ಕೆ ಇಳಿ. ಕೇಳಲು ಸರಳವಾಗಿದ್ದರೂ ನಡೆಸಲು ಎಷ್ಟು ಕಷ್ಟ ಎಂಬುದು ಜೀತದಂಥ ವಿಷಯಕ್ಕೆ ಕೈಹಾಕಿದಾಗ ಗೊತ್ತಾಗುತ್ತದೆ.

ಹೆಗ್ಗಡದೇವನಕೋಟೆಯಂಥ ತಾಲ್ಲೂಕುಗಳಲ್ಲಿ ಜೀತ ಎಂಬುದು ಹಳೆಯ ಕಾಲದ ಪದವಾಗಿ ಉಳಿದಿರಲಿಲ್ಲ. ಮದುವೆಗೋ ಆಸ್ಪತ್ರೆಗೋ ಸಾವಿಗೋ ಪಡೆದ ಮುಂಗಡಕ್ಕೆ ಪ್ರತಿಯಾಗಿ ಗಂಡಸೊಬ್ಬ, ಕೆಲವೊಮ್ಮೆ ಅವನ ಮಗ, ಜಮೀನುದಾರನ ಮನೆಯಲ್ಲಿ ವರ್ಷದ ಆಳಾಗಿ ನಿಲ್ಲುತ್ತಾನೆ. ಕೂಲಿಯೆಲ್ಲ ಬಡ್ಡಿಗೆ ಸರಿಹೋಗಿ ಅಸಲು ಹಾಗೆಯೇ ಉಳಿಯುತ್ತದೆ. ಹೀಗೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ದಲಿತರು ಮತ್ತು ಆದಿವಾಸಿಗಳು. ನೋಡುವುದೆಂದರೆ ಇಂಥ ಮನೆಗಳಿಗೆ ಮತ್ತೆ ಮತ್ತೆ ಹೋಗಿ, ಯಾರು ಯಾರಿಗೆ ಎಷ್ಟು ಕೊಡಬೇಕಾಗಿದೆ, ಕೆಲಸ ಬಿಟ್ಟರೆ ಏನಾಗುತ್ತದೆ, ಬೇರೆ ಕಡೆ ಕೂಲಿಗೆ ಹೋಗಲು ಬಿಡುತ್ತಾರೆಯೇ ಎಂಬುದನ್ನು ಭಯದ ಮರೆಯಿಂದ ಹೊರತೆಗೆಯುವುದು. ಇದು ಒಂದು ಭೇಟಿಯಲ್ಲಿ ಮುಗಿಯುವ ಸಮೀಕ್ಷೆಯಲ್ಲ, ಏಕೆಂದರೆ ಜೀತದಾಳು ಬಹಳ ಸಲ ತಾನು ಜೀತದಲ್ಲಿದ್ದೇನೆ ಎಂದೇ ಹೇಳುವುದಿಲ್ಲ. ಸಾಲ ತೀರಿಸುತ್ತಿದ್ದೇನೆ ಎನ್ನುತ್ತಾನೆ.

ವಿವೇಚನೆಯ ಹೆಜ್ಜೆಯಲ್ಲಿ ಬೈಬಲ್ಲಿನ ಪಕ್ಕದಲ್ಲಿ ಕಾನೂನಿನ ಪುಸ್ತಕವೂ ತೆರೆದಿರಬೇಕು. ಈಜಿಪ್ಟಿನ ದಾಸ್ಯದಿಂದ ಜನರನ್ನು ಬಿಡಿಸಿದ ದೇವರ ಕಥೆಯನ್ನು ಓದಿ ಮನಸ್ಸು ಕರಗಿದರೆ ಸಾಲದು. ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿದೆ ಎಂಬುದೂ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಜೀತದ ಸಾಲವೇ ರದ್ದಾಗಿದೆ ಎಂಬುದೂ ತಿಳಿದಿರಬೇಕು. ಆ ಸಾಲ ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊರೆಯನ್ನು ಕಾಯ್ದೆ ಸಾಲ ಕೊಟ್ಟವನ ಮೇಲೆಯೇ ಹೊರಿಸಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ಜೀತ ವಿಮುಕ್ತಿಯ ಮತ್ತೊಂದು ಮಹತ್ವದ ತೀರ್ಪು 1983ರ ಡಿಸೆಂಬರ್‌ನಲ್ಲಿ ಬಂದದ್ದು ಆರ್ಯಸಮಾಜದ ಸನ್ಯಾಸಿ ಸ್ವಾಮಿ ಅಗ್ನಿವೇಶ್ ಅವರು ಕಟ್ಟಿದ ಸಂಘಟನೆಯ ಅರ್ಜಿಯಿಂದ ಎಂಬುದನ್ನೂ ಇಲ್ಲಿ ನೆನೆಯಬೇಕು. ಕಾವಿಯುಟ್ಟವರೂ ಬಿಳಿಯ ನಿಲುವಂಗಿ ತೊಟ್ಟವರೂ ಒಂದೇ ಅನ್ಯಾಯದ ಎದುರು ನಿಂತ ಉದಾಹರಣೆಗಳು ನಮ್ಮ ದೇಶದಲ್ಲಿ ಕಡಿಮೆಯೇನಿಲ್ಲ.

ಮೂರನೆಯ ಹೆಜ್ಜೆ ಕಚೇರಿಯ ಮೆಟ್ಟಿಲು. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿಸಿ, ವಿಚಾರಣೆಯ ದಿನ ಜೀತದಾಳು ಹೆದರಿ ಹೇಳಿಕೆ ಬದಲಿಸದಂತೆ ಜೊತೆಗಿದ್ದು, ಬಿಡುಗಡೆ ಪತ್ರ ಪಡೆಯುವುದು. ಆ ಪತ್ರವಿಲ್ಲದೆ ಪುನರ್ವಸತಿಯಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಪರಿಷ್ಕರಿಸಿದ ಯೋಜನೆಯ ಪ್ರಕಾರ ಬಿಡುಗಡೆಯಾದ ವಯಸ್ಕ ಗಂಡಸಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ತೀವ್ರ ಶೋಷಣೆಗೆ ಒಳಗಾದವರಿಗೆ 3 ಲಕ್ಷ ರೂಪಾಯಿ ನೆರವು ನಿಗದಿಯಾಗಿದೆ. ಬಿಡಿಸಿಕೊಂಡು ಬಂದ ಮರುದಿನದಿಂದ ಆ ಹಣ ಕೈಸೇರುವವರೆಗೆ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ಮನುಷ್ಯ ಮತ್ತೆ ಅದೇ ಜಮೀನುದಾರನ ಬಾಗಿಲಿಗೆ ಹೋಗುತ್ತಾನೆ; ಆದ್ದರಿಂದ ಆ ನಡುವಿನ ತಿಂಗಳುಗಳೇ ಎಲ್ಲಕ್ಕಿಂತ ಅಪಾಯದ ಕಾಲ. ಸ್ವಸಹಾಯ ಸಂಘಗಳು ಬೆಲೆ ಬಾಳುವುದು ಇಲ್ಲಿಯೇ. ಮೈಸೂರು ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯಾದ ಓಡಿಪಿ ಈ ಭಾಗದಲ್ಲಿ ಜಾತಿ ಮತ ನೋಡದೆ ಮಹಿಳಾ ಸಂಘಗಳನ್ನು ಕಟ್ಟುತ್ತ ಬಂದಿದೆ. ಕೈಯಲ್ಲಿ ತನ್ನದೇ ಉಳಿತಾಯವಿರುವ ಹೆಣ್ಣುಮಗಳು ಸಾಲಕ್ಕಾಗಿ ಗಂಡನನ್ನೋ ಮಗನನ್ನೋ ಒತ್ತೆ ಇಡಬೇಕಾಗುವುದಿಲ್ಲ.

ಈ ಓಡಾಟದ ಬಹುಪಾಲನ್ನು ಮಾಡುವವರು ಗುರುಗಳಲ್ಲ, ಸಿಸ್ಟರುಗಳು ಎಂಬುದನ್ನು ಒತ್ತಿ ಹೇಳಬೇಕು. ಬಲಿಪೂಜೆ (ಮಾಸ್) ಅರ್ಪಿಸುವ ಅಧಿಕಾರ ಅವರಿಗಿಲ್ಲ, ಪತ್ರಿಕೆಗಳಲ್ಲಿ ಹೆಸರೂ ಅಪರೂಪ. ಆದಿವಾಸಿಗಳ ಹಾಡಿಗೆ ನಡೆದುಹೋಗುವವರು ಅವರೇ. ಕೇರಳದಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಇಂದೋರ್ ಸೀಮೆಯಲ್ಲಿ ಭೂಮಿಯಿಲ್ಲದ ಆದಿವಾಸಿ ಕೂಲಿಗಳನ್ನು ಲೇವಾದೇವಿಗಾರರ ಹಿಡಿತದಿಂದ ಬಿಡಿಸಲು ಸಂಘಟಿಸಿದರು; ಅದೇ ಕಾರಣಕ್ಕೆ 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರನ್ನು ಇರಿದು ಕೊಂದರು. ಕೊಂದವನನ್ನು ಅವರ ಕುಟುಂಬ ಕ್ಷಮಿಸಿತು. 2017ರಲ್ಲಿ ಸಭೆ ಅವರನ್ನು ಪುನೀತೆ, ಅಂದರೆ ಸಂತ ಪದವಿಗೆ ಹಿಂದಿನ ಹಂತದವರು, ಎಂದು ಘೋಷಿಸಿತು.

ಗುರುಗಳು ಎಷ್ಟರಮಟ್ಟಿಗೆ ರಾಜಕೀಯಕ್ಕೆ ಇಳಿಯಬಹುದು ಎಂಬುದಕ್ಕೆ ಕಥೋಲಿಕ ಸಭೆಯಲ್ಲಿ ಲಿಖಿತ ನಿಯಮಗಳಿವೆ. 1983ರ ಧರ್ಮಸಂಹಿತೆಯ 285ನೆಯ ನಿಯಮ, ಆಡಳಿತಾಧಿಕಾರ ಚಲಾಯಿಸುವ ಸಾರ್ವಜನಿಕ ಹುದ್ದೆಗಳನ್ನು ಗುರುಗಳು ವಹಿಸಿಕೊಳ್ಳಬಾರದೆನ್ನುತ್ತದೆ. 287ನೆಯ ನಿಯಮ, ಶಾಂತಿ ಮತ್ತು ನ್ಯಾಯದ ಮೇಲೆ ನಿಂತ ಸೌಹಾರ್ದವನ್ನು ಬೆಳೆಸುವುದು ಅವರ ಕರ್ತವ್ಯವೆಂದು ಹೇಳಿ, ರಾಜಕೀಯ ಪಕ್ಷಗಳಲ್ಲಿ ಸಕ್ರಿಯವಾಗಿ ಭಾಗವಹಿಸುವುದನ್ನೂ ಕಾರ್ಮಿಕ ಸಂಘಗಳ ಮುಖಂಡತ್ವವನ್ನೂ, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಮೇಲಧಿಕಾರಿಗಳು ತೀರ್ಮಾನಿಸಿದ ಸಂದರ್ಭ ಬಿಟ್ಟರೆ, ತಡೆಯುತ್ತದೆ. ನಿಕರಾಗುವಾದ ಕ್ರಾಂತಿ ಸರ್ಕಾರದಲ್ಲಿ ಮಂತ್ರಿಯಾದ ಗುರು, ಕವಿ ಎರ್ನೆಸ್ತೊ ಕಾರ್ದೆನಾಲ್ ಅವರನ್ನು 1984ರಲ್ಲಿ ಗುರುಸೇವೆಯಿಂದ ಅಮಾನತು ಮಾಡಲಾಯಿತು. ಅದು ರದ್ದಾದದ್ದು 2019ರಲ್ಲಿ, ಅವರು ತೊಂಬತ್ತು ದಾಟಿದ ಮೇಲೆ. ವಿಮೋಚನಾ ದೇವತಾಶಾಸ್ತ್ರದ ಕೆಲವು ಧಾರೆಗಳು ಮಾರ್ಕ್ಸ್‌ವಾದದ ವರ್ಗಸಂಘರ್ಷವನ್ನು ವಿಮರ್ಶೆಯಿಲ್ಲದೆ ಎತ್ತಿಕೊಂಡಿವೆ ಎಂದು ವ್ಯಾಟಿಕನ್ ಅದೇ 1984ರಲ್ಲಿ ಎಚ್ಚರಿಸಿತ್ತು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಈ ಕಟ್ಟುಪಾಡು ಸಡಿಲ. ಅಮೆರಿಕದ ಕರಿಯರ ಹೋರಾಟಕ್ಕೆ ಮುಂದಾಳಾದ ಮಾರ್ಟಿನ್ ಲೂಥರ್ ಕಿಂಗ್ ಬ್ಯಾಪ್ಟಿಸ್ಟ್ ಸಭಾಪಾಲಕರಾಗಿಯೇ ಉಳಿದರು. ಆದರೆ ಅವರು 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪ್ರಸಿದ್ಧ ಪತ್ರ ಯಾರಿಗೆ ಎಂಬುದನ್ನು ಗಮನಿಸಬೇಕು: ಸ್ವಲ್ಪ ತಾಳ್ಮೆಯಿಂದಿರಿ ಎಂದು ಅವರಿಗೆ ಬುದ್ಧಿ ಹೇಳಿದ್ದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ. ಹೋರಾಡುವ ಗುರುವಿಗೆ ಮೊದಲ ತಡೆ ಎದುರಾಗುವುದು ಹೆಚ್ಚಾಗಿ ತನ್ನವರಿಂದಲೇ. ಎಲ್ ಸಾಲ್ವಡಾರ್‌ನ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೇರೊ ಅವರನ್ನು 1980ರ ಮಾರ್ಚ್ 24ರಂದು ಬಲಿಪೂಜೆಯ ನಡುವೆಯೇ ಗುಂಡಿಟ್ಟು ಕೊಂದರು. ಸಭೆ ಅವರನ್ನು ಸಂತರೆಂದು ಘೋಷಿಸಲು 2018ರವರೆಗೆ ಕಾಯಬೇಕಾಯಿತು.

ನಮ್ಮ ದೇಶದಲ್ಲಿ ಈ ದಾರಿಯ ಬೆಲೆಯನ್ನು ನೆನೆದಾಗ ಮೊದಲು ಬರುವ ಹೆಸರು ಯೇಸುಸಭೆಯ (ಜೆಸ್ವಿಟ್) ಗುರು ಸ್ಟ್ಯಾನ್ ಸ್ವಾಮಿ ಅವರದು. ತಮಿಳುನಾಡಿನಲ್ಲಿ ಹುಟ್ಟಿದ ಅವರು 1970 ಮತ್ತು 80ರ ದಶಕಗಳಲ್ಲಿ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ಭೂಮಿಯ ಹಕ್ಕಿಗಾಗಿ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಯುವಕರಿಗಾಗಿ ದುಡಿದರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಮಾವೋವಾದಿ ನಂಟಿನ ಆರೋಪದ ಮೇಲೆ 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಅವರ ಬಂಧನವಾಯಿತು. ಆರೋಪವನ್ನು ಅವರು ಅಲ್ಲಗಳೆದಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಹೀರುಗೊಳವೆಯ ಲೋಟಕ್ಕಾಗಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು, 84ನೆಯ ವಯಸ್ಸಿನಲ್ಲಿ, ನ್ಯಾಯಾಂಗ ಬಂಧನದಲ್ಲಿದ್ದಾಗಲೇ ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇಷ್ಟೆಲ್ಲ ಹೇಳಿದ ಮೇಲೆ ಸಭೆಯ ಒಳಮನೆಯನ್ನು ನೋಡದಿದ್ದರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಜಾತಿ ಕ್ರೈಸ್ತರಲ್ಲೂ ಇದೆ. ಮದುವೆಯ ಮಾತು ಬಂದಾಗ ಹಳೆಯ ಮೈಸೂರಿನ ಕ್ರೈಸ್ತ ಮನೆಗಳಲ್ಲೂ ಮೂಲ ಯಾವುದೆಂದು ವಿಚಾರಿಸುತ್ತಾರೆ. ತಮಿಳುನಾಡಿನ ತಿರುಚ್ಚಿಯಲ್ಲಿ ದಲಿತ ಕ್ರೈಸ್ತರ ಸಮಾಧಿಗಳನ್ನು ಬೇರ್ಪಡಿಸುವ ಗೋಡೆಯ ಬಗ್ಗೆ ದಶಕಗಳ ಕಾಲ ವಿವಾದ ನಡೆದಿದೆ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾತನಾಡಿದ ಅರವಿಂದ ನಿರ್ಮಲ್, ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ಅನುಭವದಿಂದಲೇ ತುಂಬಿದೆ, ಸಭೆಯಲ್ಲಿ ಬಹುಸಂಖ್ಯಾತರಾದ ದಲಿತರ ನೋವು ಅದರಲ್ಲಿಲ್ಲ ಎಂದು ಎತ್ತಿ ತೋರಿಸಿದರು. ದಲಿತ ದೇವತಾಶಾಸ್ತ್ರ ಬೆಳೆದದ್ದು ಅಲ್ಲಿಂದ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಸಭೆಯೊಳಗೆ ಅಸ್ಪೃಶ್ಯತೆಯಿದೆ ಎಂದು ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡದ್ದು 2016ರಲ್ಲಿ. ಇನ್ನೊಂದು ಕಡೆ ಸರ್ಕಾರದ ನಿಯಮವೂ ಅವರಿಗೆ ಬಾಗಿಲು ಮುಚ್ಚಿದೆ: 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಮಾತ್ರ ಅನ್ವಯಿಸಿ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತೇ ಹೊರತು ದಲಿತ ಕ್ರೈಸ್ತರನ್ನೂ ದಲಿತ ಮುಸ್ಲಿಮರನ್ನೂ ಹೊರಗೇ ಇಟ್ಟಿತು. ಈ ಆದೇಶ ಬದಲಾಗಬೇಕೆಂದು ದೆಹಲಿಯಲ್ಲಿ ಕೇಳುವ ಧರ್ಮಾಧ್ಯಕ್ಷರ ಮಾತಿಗೆ ಬಲ ಬರುವುದು ಅವರ ಶಾಲೆಗಳ ನೇಮಕಾತಿಯಲ್ಲಿ, ಕಾಲೇಜುಗಳ ಪ್ರವೇಶದಲ್ಲಿ, ಊರಿನ ಸ್ಮಶಾನದಲ್ಲಿ ದಲಿತರಿಗೆ ಸಮಾನ ಸ್ಥಾನ ಸಿಕ್ಕಾಗ. ಮಿಷನ್ ಶಾಲೆಯ ಶಿಕ್ಷಕಿಗೂ ಆಸ್ಪತ್ರೆಯ ದಾದಿಗೂ ನ್ಯಾಯವಾದ ಸಂಬಳ ಕೊಡದೆ 1891ರ ಸುತ್ತೋಲೆಯನ್ನು ಉದ್ಧರಿಸುವ ಹಕ್ಕು ಯಾವ ಸಂಸ್ಥೆಗೂ ಇಲ್ಲವೆಂದು ನಾನು ನಂಬುತ್ತೇನೆ.

ಹೊರಗಿನಿಂದ ಬರುವ ಆಕ್ಷೇಪಗಳಲ್ಲಿ ಮುಖ್ಯವಾದದ್ದು ಮತಾಂತರದ್ದು. ಸಹಾಯವನ್ನು ಆಮಿಷವಾಗಿ ಬಳಸಿದ ಕಡೆ ಅದು ತಪ್ಪೇ. ಹಸಿದವನ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಲ್ಲ. ಆದರೆ ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ ಆಮಿಷ ಎಂಬುದನ್ನು ಎಷ್ಟು ಅಗಲವಾಗಿ ವ್ಯಾಖ್ಯಾನಿಸಿತೆಂದರೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವೂ ಅದರೊಳಗೆ ಬರುವಂತಾಯಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ವಿದೇಶಿ ಹಣದ ಮೇಲಿನ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಪರಿಣಾಮ ಇನ್ನೂ ನೇರ: ದೊಡ್ಡ ಸಂಸ್ಥೆಗಳು ತಾವು ಪಡೆದ ಹಣವನ್ನು ಸಣ್ಣ ಸಂಸ್ಥೆಗಳಿಗೆ ಹಂಚುವುದು ನಿಂತಿತು, ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ಕಟ್ಟಡ ಕಟ್ಟುವ ಸಂಸ್ಥೆಗೆ ಇದು ದೊಡ್ಡ ತೊಂದರೆಯಲ್ಲ. ಆದರೆ ಹಳ್ಳಿಗೆ ಹೋಗಿ ಜನರೊಡನೆ ಕುಳಿತು ಮಾತನಾಡುವ ಕಾರ್ಯಕರ್ತರ ಸಂಬಳವೇ ಪ್ರಮುಖ ಖರ್ಚಾಗಿರುವ ಸಂಸ್ಥೆಗೆ, ಆ ಸಂಬಳವನ್ನು ಆಡಳಿತ ವೆಚ್ಚವೆಂದು ಲೆಕ್ಕ ಹಾಕಿದರೆ, ಉಸಿರಾಡುವುದೇ ಕಷ್ಟ.

ಇವೆಲ್ಲಕ್ಕಿಂತ ಆಳವಾದ ಒಂದು ತೊಡಕು ಸಭೆಯ ಸ್ವಂತ ರಚನೆಯಲ್ಲಿದೆ. ಧರ್ಮಕೇಂದ್ರದ ಗುರು ಒಂದೇ ಊರಿನಲ್ಲಿ ಶಾಶ್ವತವಾಗಿ ಇರುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಧರ್ಮಾಧ್ಯಕ್ಷರು ವರ್ಗಾವಣೆ ಮಾಡುತ್ತಾರೆ, ವಿಧೇಯತೆಯ ವಾಗ್ದಾನ ಮಾಡಿದ ಗುರು ಹೊರಡಲೇಬೇಕು. ಹೊಸದಾಗಿ ಬರುವವರಿಗೆ ಭಕ್ತಿಸಂಗೀತದಲ್ಲೋ ಕಟ್ಟಡ ನಿರ್ಮಾಣದಲ್ಲೋ ಹೆಚ್ಚು ಆಸಕ್ತಿಯಿರಬಹುದು. ಹಿಂದಿನವರ ಹೆಸರಿನಲ್ಲಿ ಕೊಟ್ಟ ಅರ್ಜಿ ಆಗ ತಾಲ್ಲೂಕು ಕಚೇರಿಯ ಕಡತದಲ್ಲಿ ಮಲಗಿಬಿಡುತ್ತದೆ, ನೆರವಿನ ಕಂತು ನಿಂತರೆ ಕೇಳುವವರಿರುವುದಿಲ್ಲ. ಆದ್ದರಿಂದ ಅನುಭವಿಗಳು ಅರ್ಜಿಯನ್ನು ಮೊದಲ ದಿನದಿಂದಲೇ ಜೀತದಿಂದ ಬಿಡುಗಡೆಯಾಗಬೇಕಾದವರ ಹೆಸರಿನಲ್ಲೇ ಬರೆಸುತ್ತಾರೆ, ಅಧಿಕಾರಿಯ ಎದುರು ಮಾತನಾಡಲು ಸಂಘದ ಹೆಣ್ಣುಮಕ್ಕಳನ್ನೇ ಮುಂದೆ ನಿಲ್ಲಿಸುತ್ತಾರೆ, ಹಿಂಬರಹದ ಪ್ರತಿಗಳನ್ನು ಗುರುಮನೆಯ ಬೀರುವಿನಲ್ಲಿ ಇಡದೆ ಅವರವರ ಮನೆಗೇ ಕೊಟ್ಟು ಕಳುಹಿಸುತ್ತಾರೆ.